ಬನ್ನಿ, ಕೂಕಣಿ

ಪರೇಲಿನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಲ್ಲಿಗೆ ಊರಿನ ನೆಂಟರು ಬರುವುದು ಎರಡೇ ಕಾರಣಕ್ಕೆ. ಒಂದು, ಚೌತಿಯ ಸಮಯದಲ್ಲಿ ಲಾಲ್‌ಬಾಗಿನ ಗಣಪತಿ ನೋಡಲು. ಇನ್ನೊಂದು, ಟಾಟಾ ಆಸ್ಪತ್ರೆಗೆ. ಗಣಪತಿಗೆ ಬರುವವರು ಫೋನಿನಲ್ಲೇ ನಗುತ್ತಿರುತ್ತಾರೆ. ಆಸ್ಪತ್ರೆಗೆ ಬರುವವರು ಮಳೆ, ಬೆಳೆ, ಯಾರದೋ ಮದುವೆ ಎಲ್ಲ ಮಾತಾಡಿ ಮುಗಿಸಿ ಕೊನೆಗೆ, "ನಿಮ್ಮಲ್ಲಿಂದ ಆ ಆಸ್ಪತ್ರೆಗೆ ಎಷ್ಟು ದೂರ ಆತ್ತ್?" ಎಂದು ಕೇಳಿ ಸುಮ್ಮನಾಗುತ್ತಾರೆ. ನಡೆದರೆ ಹನ್ನೆರಡು ನಿಮಿಷ ಎಂದು ನಾವು ಹೇಳುತ್ತೇವೆ. 1941ರಲ್ಲಿ ಆ ಆಸ್ಪತ್ರೆ ಬಾಗಿಲು ತೆರೆದ ಮೇಲೆ ಈ ಸುತ್ತಿನ ಎಷ್ಟು ಮನೆಗಳ ಹಾಲ್‌ಗಳಲ್ಲಿ ಎಷ್ಟು ಚಾಪೆಗಳು ಹಾಸಲ್ಪಟ್ಟಿವೆಯೋ ಲೆಕ್ಕ ಇಟ್ಟವರಿಲ್ಲ.

ನನ್ನ ಸೋದರತ್ತೆಯೂ ಹಾಗೇ ಕೇಳಿದರು. ಎದೆಯಲ್ಲಿ ಗಂಟು. ಊರ ಕಡೆ ಪರೀಕ್ಷೆ ಮಾಡಿಸಿ, ಆಮೇಲೆ ಇಲ್ಲಿಗೆ ಬಂದು ತೋರಿಸಿ, ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಆಪರೇಷನ್ ಆದ ಮೇಲೆ ಕೀಮೋ, ಮೂರು ವಾರಕ್ಕೊಂದರಂತೆ. ಅಷ್ಟು ದಿನ ನಮ್ಮಲ್ಲೇ ಇರುವುದೆಂದು ಮಾತಾಯಿತು. ಮನೆ ಎಂದರೆ ಅಪ್ಪ 1960ರ ದಶಕದಲ್ಲಿ ಕುಂದಾಪುರದ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದು ಹಿಡಿದ ಚಾಳಿನ ಖೋಲಿ. ಈಗ ಚಾಳು ಹೋಗಿ ಕಟ್ಟಡವಾಗಿದೆ. ನಾಲ್ಕನೇ ಮಾಳಿಗೆ, ಒಂದು ಹಾಲ್, ಒಂದು ಬೆಡ್‌ರೂಮ್, ಅಡುಗೆಮನೆ. ಇರುವವರು ನಾನು, ನನ್ನ ಹೆಂಡತಿ, ಹತ್ತನೇ ಕ್ಲಾಸಿನ ಮಗಳು, ಮತ್ತು ಬೊಗ್ಗು.

ಬೊಗ್ಗು ಇಲ್ಲಿಯದೇ ಗಲ್ಲಿಯ ನಾಯಿ. ಜಾತಿ ಕೇಳಿದವರಿಗೆ ಮಗಳು "ಪರೇಲಿ" ಅನ್ನುತ್ತಾಳೆ. ಹದಿನೆಂಟು ಕೆಜಿ ತೂಕ, ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಕಚ್ಚುವುದಿಲ್ಲ, ವೃಥಾ ಬೊಗಳುವುದೂ ಕಡಿಮೆ. ಅವನ ರೋಗ ಒಂದೇ, ಸಂತೋಷ. ಬಾಗಿಲು ತೆರೆದರೆ ಸಾಕು, ಬಂದವರ ಎದೆಯ ಮೇಲೆ ಎರಡು ಕಾಲಿಟ್ಟು ಮುಖ ನೆಕ್ಕಲು ಹಾರುತ್ತಿದ್ದ. ಗ್ಯಾಸ್ ಸಿಲಿಂಡರಿನ ಹುಡುಗ ಒಮ್ಮೆ ನಗುತ್ತಲೇ ಅವನನ್ನು ಕೆಳಗಿಳಿಸಿ ಹೋದ. ಹೋಗುವಾಗ ಅವನ ಮುಂಗೈಯಲ್ಲಿ ಉಗುರಿನ ಗೀರು, ಅದರಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ಅವನಿಗೆ ಅದು ಏನೂ ಅಲ್ಲ, ಡೆಟಾಲ್ ಹಚ್ಚಿಸಿಕೊಂಡು ಮುಂದಿನ ಮನೆಗೆ ಹೋದ. ನಾನು ಮಾತ್ರ ಅತ್ತೆಯ ಕೈಯನ್ನು ನೆನೆಯುತ್ತ ನಿಂತೆ.

ಸ್ತನದ ಆಪರೇಷನ್ನಿನಲ್ಲಿ ಕಂಕುಳಿನ ಗ್ರಂಥಿಗಳನ್ನೂ ತೆಗೆದರೆ ಆ ಬದಿಯ ಕೈಯನ್ನು ಮುಂದೆ ಬಹಳ ಜೋಪಾನ ಮಾಡಬೇಕು. ಆ ಕೈಗೆ ಇಂಜೆಕ್ಷನ್ ಬೇಡ, ಬಿಪಿ ನೋಡುವುದೂ ಬೇಡ ಅನ್ನುತ್ತಾರೆ. ಸಣ್ಣ ಗೀರು ಕೀವಾದರೆ ಕೈ ಊದಿಕೊಂಡು ಇಳಿಯದೇ ಹೋಗಬಹುದು. ಕೀಮೋ ಕೊಟ್ಟು ಒಂದು ವಾರವಾದ ಮೇಲೆ ರಕ್ತದ ಬಿಳಿ ಕಣಗಳು ಇಳಿಯುತ್ತವೆ. ಆಗ ನಾಯಿಯ ಜೊಲ್ಲು, ಉಗುರು ಎರಡೂ ಅಪಾಯ. ವೈದ್ಯರನ್ನು ಕೇಳಿದೆವು. ನಾಯಿಯನ್ನು ಮನೆಯಿಂದ ಕಳಿಸಬೇಕಾಗಿಲ್ಲ, ಚುಚ್ಚುಮದ್ದು, ಜಂತುಹುಳದ ಮದ್ದು ಸರಿಯಾಗಿ ಆಗಿರಲಿ, ನೆಕ್ಕಲು ಬಿಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಲಿ, ಮೇಲೆ ಹಾರದಂತೆ ನೋಡಿಕೊಳ್ಳಿ ಎಂದರು. ಕೊನೆಯದನ್ನು ಎಷ್ಟು ಸುಲಭವಾಗಿ ಹೇಳಿದರು!

ನಾಯಿಯನ್ನು ಕೆಲವು ತಿಂಗಳು ಯಾರಲ್ಲಾದರೂ ಬಿಡೋಣವೆಂದು ನನ್ನ ಹೆಂಡತಿ ಮೆಲ್ಲಗೆ ಅಂದಳು. ಮಗಳು ಊಟ ಬಿಟ್ಟಳು. ಅತ್ತೆಗೆ ಈ ಸುದ್ದಿ ಹೇಗೆ ತಲುಪಿತೋ, ಅವರೇ ಫೋನ್ ಮಾಡಿ, "ನಾನ್ ಬಪ್ಪುದಕ್ಕೆ ನಾಯಿಯನ್ನ ಹೊರಗ್ ಹಾಕೂದಾದ್ರೆ ನಾನ್ ಧರ್ಮಶಾಲೆಗ್ ಹೋತೆ" ಎಂದರು. ಹಾಗೆಂದು ಅವರೇನು ನಾಯಿಪ್ರೇಮಿಯಲ್ಲ. ಅವರ ಮನೆಯಲ್ಲಿ ನಾಯಿ ಅಂಗಳದ್ದು. ಜಗಲಿಯ ಮೆಟ್ಟಿಲು ಹತ್ತಿದರೆ "ಹಚಾ!" ಎಂಬ ಒಂದೇ ಶಬ್ದ. ಆಪರೇಷನ್ನಿಗೆ ಐದು ವಾರ ಇತ್ತು.

ಮೊದಲು ಮಾಡಿದ ಕೆಲಸ ಬೊಗ್ಗುವನ್ನು ಬೈಲ್-ಘೋಡಾ ಆಸ್ಪತ್ರೆಗೆ ಕರೆದೊಯ್ದದ್ದು. ಬೋರ್ಡಿನ ಮೇಲೆ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ ಎಂದಿದ್ದರೂ ಜನರ ಬಾಯಲ್ಲಿ ಅದು ಎತ್ತು-ಕುದುರೆಗಳ ಆಸ್ಪತ್ರೆಯೇ. ಮುಂಬಯಿಯನ್ನು ಎತ್ತು, ಕುದುರೆಗಳು ಎಳೆಯುತ್ತಿದ್ದ ಕಾಲದ ಹೆಸರು ಉಳಿದುಬಿಟ್ಟಿದೆ. ಹತ್ತಿಗಿರಣಿಗಳ ಒಡೆಯ ಸರ್ ದಿನ್‌ಶಾ ಪೆಟಿಟ್ ಹತ್ತೊಂಬತ್ತನೇ ಶತಮಾನದಲ್ಲಿ ಹೆಂಡತಿಯ ಹೆಸರಿನಲ್ಲಿ ಇದಕ್ಕೆ ನೆರವಾದವರು. ಪಕ್ಕದಲ್ಲೇ 1886ರ ಪಶುವೈದ್ಯ ಕಾಲೇಜು. ಆಚೆಗೆ ಹಾಫ್‌ಕಿನ್ ಸಂಸ್ಥೆ, ಪ್ಲೇಗ್ ಲಸಿಕೆಯ ಪ್ರಯೋಗಾಲಯವಾಗಿ 1899ರಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂದದ್ದು. ಮಕ್ಕಳಿಗೆ ವಾಡಿಯಾ, ದೊಡ್ಡವರಿಗೆ ಕೆಇಎಂ. ಕಾಯಿಲೆ ಬಂದ ಯಾವ ಜೀವಿಗೂ ಪರೇಲಿನಲ್ಲಿ ಒಂದು ಸಾಲು ಇದೆ. ನಾಯಿ ಹಿಡಿದು ಸಾಲಿನಲ್ಲಿ ನಿಂತಾಗ ಮುಂದಿದ್ದ ಪಾರ್ಸಿ ಅಜ್ಜಿಯೊಬ್ಬರು 1832ರ ಗಲಾಟೆಯ ಕಥೆ ತೆಗೆದರು. ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟ ಕಂಪನಿ ಸರ್ಕಾರದ ವಿರುದ್ಧ ಪಾರ್ಸಿಗಳು ಎದ್ದು ನಿಂತು ಕೋಟೆಯ ಪೇಟೆಯನ್ನೇ ಮುಚ್ಚಿಸಿದ್ದರು. ಅವರ ಧರ್ಮದಲ್ಲಿ ಸತ್ತವರ ಮೇಲೂ ನಾಯಿಯ ಕಣ್ಣು ಬೀಳಬೇಕು. ಮೊನ್ನೆ ಮೊನ್ನೆ ನಡೆದಂತೆ ಹೇಳಿದರು ಅಜ್ಜಿ. ಅವರ ಬುಟ್ಟಿಯಲ್ಲಿ ಇದ್ದದ್ದು ಬೆಕ್ಕು.

ತರಬೇತಿಯ ಹೊಣೆ ಮಗಳದ್ದು. ತರಬೇತುದಾರರನ್ನು ಇಟ್ಟುಕೊಳ್ಳುವಷ್ಟು ದುಡ್ಡು ಆ ಹೊತ್ತಿನಲ್ಲಿ ಇರಲಿಲ್ಲ. ಅವಳು ನಾಲ್ಕಾರು ದಿನ ಓದಿ, ನೋಡಿ, ನಮ್ಮಿಬ್ಬರನ್ನು ಕೂರಿಸಿ ಪಾಠ ಮಾಡಿದಳು. ನಾಯಿ ಹಾರುವುದು ಪೋಕರಿತನದಿಂದಲ್ಲ. ತೋಳಗಳಲ್ಲಿ ದೊಡ್ಡವು ಬೇಟೆ ಮುಗಿಸಿ ಬಂದಾಗ ಮರಿಗಳು ಓಡಿ ಹೋಗಿ ಅವುಗಳ ಮೂತಿ ನೆಕ್ಕುತ್ತವೆ. ಆಗ ದೊಡ್ಡವು ತಿಂದದ್ದನ್ನು ಕಕ್ಕಿ ಕೊಡುತ್ತವೆ. ನಾಯಿಯ ನಮಸ್ಕಾರ ಹುಟ್ಟಿದ್ದು ಅಲ್ಲಿ. ನಮ್ಮ ಮೂತಿ ಐದೂವರೆ ಅಡಿ ಎತ್ತರದಲ್ಲಿರುವುದು ಬೊಗ್ಗುವಿನ ತಪ್ಪಲ್ಲ. ಆದ್ದರಿಂದ ಅವನಿಗೆ "ಹಾರಬೇಡ" ಎಂದು ಕಲಿಸಲಾಗುವುದಿಲ್ಲ. ಹಾರುವ ಬದಲು ಏನು ಮಾಡಬೇಕು ಎಂದು ಕಲಿಸಬೇಕು. ಕುಳಿತ ನಾಯಿಗೆ ಅದೇ ಹೊತ್ತಿಗೆ ಹಾರಲು ಬರುವುದಿಲ್ಲ, ಇಷ್ಟೇ ಇದರ ಗುಟ್ಟು.

ಜನ ಕೊಟ್ಟ ಸಲಹೆಗಳು ಬೇರೆ. ಮೊಣಕಾಲಿನಿಂದ ಎದೆಗೆ ಗುದ್ದಿ. ಹಿಂಗಾಲು ತುಳಿಯಿರಿ. ಪೇಪರ್ ಸುತ್ತಿ ಬಾರಿಸಿ. ಹೀಗೆ ಮಾಡಿದರೆ ನಾಯಿ ಹಾರುವುದು ನಿಲ್ಲಬಹುದು, ಆದರೆ ಬಾಗಿಲು ತೆರೆದಾಗ ಬರುವವರೆಂದರೆ ನೋವು ಎಂದು ಅದು ತಿಳಿಯುತ್ತದೆ. ಸಂತೋಷದಿಂದ ಹಾರುವ ನಾಯಿಗಿಂತ ಹೆದರಿ ಹಲ್ಲು ತೋರಿಸುವ ನಾಯಿ ರೋಗಿಯಿರುವ ಮನೆಗೆ ಒಳ್ಳೆಯದೇ? ಬೈಯುವುದೂ ಉಪಯೋಗವಿಲ್ಲ. ಕೈಯಿಂದ ತಳ್ಳಿ "ಏಯ್, ಇಳಿ" ಅಂದರೆ ಅದಕ್ಕೆ ಮುಟ್ಟಿದ್ದೂ ಆಯಿತು, ಮಾತಾಡಿಸಿದ್ದೂ ಆಯಿತು, ಮುಖ ನೋಡಿದ್ದೂ ಆಯಿತು. ಮೂರೂ ಬಹುಮಾನಗಳೇ.

ನಮ್ಮ ಪದ್ಧತಿ ಹೀಗಿತ್ತು. ಬಾಗಿಲಿಂದ ಐದಾರು ಅಡಿ ದೂರದಲ್ಲಿ ದಿವಾನದ ಕಾಲಿಗೆ ಬೊಗ್ಗುವಿನ ಪಟ್ಟಿ ಕಟ್ಟಿದೆವು, ಹಾರುವ ಅಭ್ಯಾಸಕ್ಕೆ ಅವಕಾಶವೇ ಸಿಗದಂತೆ. ಮೊದಲ ಮೂರು ದಿನ ಯಾರೂ ಬರಲಿಲ್ಲ, ಬರೀ ಬೆಲ್ ಬಾರಿಸಿದೆವು. ಬೆಲ್ ಕೇಳಿದರೆ ನೆಲದ ಮೇಲೆ ಒಂದು ಚೂರು ಬೇಯಿಸಿದ ಕೋಳಿ. ಬೆಲ್ ಅಂದರೆ ಬಾಗಿಲಿಗೆ ಓಡುವುದಲ್ಲ, ಕೆಳಗೆ ನೋಡುವುದು ಎಂದು ಅವನಿಗೆ ಅನ್ನಿಸಬೇಕು. ಆಮೇಲೆ ನಾನು ಹೊರಗೆ ಹೋಗಿ ಒಳಗೆ ಬರುವುದು. ದಿನಕ್ಕೆ ಇಪ್ಪತ್ತು ಸಲ ಆಫೀಸಿನಿಂದ ಬಂದಂತೆ ಚೀಲ ಹೆಗಲಿಗೇರಿಸಿ ಬಂದಿದ್ದೇನೆ. ಅವನು ಮುಂಗಾಲು ಎತ್ತಿದರೆ ನಾನು ಮಾತಿಲ್ಲದೆ ಬೆನ್ನು ತಿರುಗಿಸಬೇಕು. ನಾಲ್ಕೂ ಕಾಲು ನೆಲಕ್ಕೆ ತಾಗಿದ ಕ್ಷಣ ತಿರುಗಬೇಕು. ಕುಳಿತರೆ ಕೋಳಿ, ಅದೂ ಒಂದೆರಡು ಸೆಕೆಂಡಿನೊಳಗೆ, ಅವನ ಮೂಗಿಗಿಂತ ಕೆಳಗೆ. ಕೈ ಮೇಲೆತ್ತಿ ಕೊಟ್ಟರೆ ನಾವೇ ಹಾರಿಸಿದಂತೆ.

ಎರಡನೇ ವಾರದಲ್ಲಿ ಹಾರುವುದು ಕಡಿಮೆಯಾಗುವ ಬದಲು ಹೆಚ್ಚಾಯಿತು. ಗೋಡೆಗೆ ಹಾರಿದ, ದಿವಾನವನ್ನೇ ಎಳೆದ. ಹೆಂಡತಿ ಕ್ಯಾಲೆಂಡರ್ ನೋಡಿದಳು. ಮಗಳು ಮಾತ್ರ, "ಇದು ಹೀಗೇ ಆಗುವುದು" ಎಂದು ಕೂತಳು. ಎಂದೂ ನಡೆಯುತ್ತಿದ್ದ ಉಪಾಯ ನಡೆಯದಾದಾಗ ಪ್ರಾಣಿ ಅದನ್ನೇ ಇನ್ನಷ್ಟು ಜೋರಾಗಿ ಮಾಡಿ ನೋಡುತ್ತದೆ, ಲಿಫ್ಟ್ ಬಾರದಿದ್ದರೆ ನಾವು ಗುಂಡಿಯನ್ನು ಹತ್ತು ಸಲ ಒತ್ತುವ ಹಾಗೆ. ಆ ಹೊತ್ತಿಗೆ ಸೋತು ಒಮ್ಮೆ ತಲೆ ಸವರಿದರೆ, ಇನ್ನು ಮುಂದೆ ಇಷ್ಟು ಜೋರಾಗಿ ಹಾರಬೇಕು ಎಂದು ಕಲಿಸಿದಂತಾಗುತ್ತದೆ.

ತಲೆ ಸವರುವವರು ಇದ್ದರು. ಎದುರುಮನೆಯ ಕಾಕಾ. ಪರೇಲಿನ ಗಿರಣಿಯಲ್ಲಿ ದುಡಿದವರು. 1982ರ ಜನವರಿಯಲ್ಲಿ ಶುರುವಾದ ಮುಷ್ಕರದಲ್ಲಿ ಹೊರಗೆ ಬಂದವರು ಮತ್ತೆ ಒಳಗೆ ಹೋಗಲಿಲ್ಲ. ಒಬ್ಬಂಟಿ. ಬೊಗ್ಗು ಅವರ ಮೇಲೆ ಹಾರಿದರೆ "ಅಸೂ ದೇ, ಅಸೂ ದೇ" ಎಂದು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಇರಲಿ ಬಿಡು ಎಂಬ ಈ ಮಾತಿನಷ್ಟು ನಾಯಿ ಕೆಡಿಸುವ ಮಾತು ಇನ್ನೊಂದಿಲ್ಲ. ಹತ್ತು ಜನ ಬೆನ್ನು ತಿರುಗಿಸಿ ಒಬ್ಬರು ಅಪ್ಪಿಕೊಂಡರೆ ನಾಯಿ ಹನ್ನೊಂದನೆಯವರ ಮೇಲೆ ಖಂಡಿತ ಹಾರುತ್ತದೆ. ಹಿರಿಯರಿಗೆ ಇದನ್ನು ಹೇಳುವುದು ಹೇಗೆ? ಮಗಳೇ ಅವರ ಬಾಗಿಲಲ್ಲಿ ಕೂತು ಕೇಳಿದಳು: "ಕಾಕಾ, ನೀವು ಮಟ್ಕಾ ಆಡ್ತಿದ್ರಂತೆ ಹೌದಾ?" ನಾನು ಒಳಗೆ ಬೆವತೆ. ಕಾಕಾ ನಕ್ಕರು. ಗಿರಣಗಾಂವಿನಲ್ಲಿ ಆಡದವರು ಯಾರು ಅಂದರು. ನಂಬರು ದಿನಾ ಹೊಡೆಯುತ್ತಿತ್ತಾ? ಇಲ್ಲ. ಯಾವತ್ತೂ ಹೊಡೆಯದೇ ಇದ್ದಿದ್ದರೆ? ಒಂದು ವಾರದಲ್ಲಿ ಬಿಟ್ಟುಬಿಡ್ತಿದ್ದೆ. ಮತ್ತೆ ಯಾಕೆ ಬಿಡಲಿಲ್ಲ? ಕಾಕಾ ಸ್ವಲ್ಪ ಹೊತ್ತು ಬೊಗ್ಗುವನ್ನು ನೋಡಿದರು. "ಅಂದರೆ ಇವನಿಗೆ ನಾನು ಮಟ್ಕಾ ಕಲಿಸ್ತಿದ್ದೇನೆ ಅಂತ ನೀನು ಹೇಳೋದು." ಆ ದಿನದಿಂದ ನಮ್ಮ ಮಾಳಿಗೆಯಲ್ಲಿ ಅವರಷ್ಟು ಕಟ್ಟುನಿಟ್ಟಿನ ಮಾಸ್ತರು ಬೇರೆ ಇಲ್ಲ. ಮಹಡಿಯವರು, ಹಾಲಿನವನು, ಕಸದ ಬಾಯಿ, ಎಲ್ಲರನ್ನೂ ತಡೆದು "ಪಾಠ್ ಫಿರವಾ", ಬೆನ್ನು ತಿರುಗಿಸಿ ಎಂದು ಹೇಳಿಕೊಟ್ಟವರು ಅವರೇ.

ಬಾಗಿಲಿಗೆ ಮಗಳು ಕನ್ನಡ, ಮರಾಠಿ ಎರಡರಲ್ಲೂ ಚೀಟಿ ಅಂಟಿಸಿದಳು. "ನಾಯಿ ಕಲಿಯುತ್ತಿದೆ. ದಯವಿಟ್ಟು ಮೇಲೆ ಬಗ್ಗಬೇಡಿ, ಮುಟ್ಟಬೇಡಿ, ದಿಟ್ಟಿಸಬೇಡಿ. ಒಳಗೆ ಬಂದು ಆರಾಮವಾಗಿ ಕುಳಿತುಕೊಳ್ಳಿ. ಅದೇ ಹತ್ತಿರ ಬರುತ್ತದೆ." ಗುರುತಿಲ್ಲದ ನಾಯಿಯ ತಲೆಯ ಮೇಲೆ ಕೈ ಇಡುವುದು ನಮಗೆ ಪ್ರೀತಿ. ನಾಯಿಗೆ ಅದು ಮೇಲಿನಿಂದ ಎರಗಿದಂತೆ. ಅದು ಮುಖ ಆಚೆ ತಿರುಗಿಸಿ ತುಟಿ ನೆಕ್ಕಿಕೊಂಡರೆ ಬೇಡ ಎಂದು ಹೇಳುತ್ತಿದೆ. ಬಾಲ ಆಡಿಸಿದರೆ ಖುಷಿ ಅನ್ನುವುದೂ ಪೂರ್ತಿ ನಿಜವಲ್ಲ. ಯಜಮಾನನನ್ನು ಕಂಡಾಗ ಬಾಲ ಬಲಕ್ಕೆ ಹೆಚ್ಚು ವಾಲುತ್ತದೆ, ಅಳುಕಿದಾಗ ಎಡಕ್ಕೆ ಎಂದು ಇಟಲಿಯ ವಿಜ್ಞಾನಿಗಳು 2007ರಲ್ಲಿ ತೋರಿಸಿದ್ದಾರೆ. ಮಗಳು ವಾರಗಟ್ಟಲೆ ಬೊಗ್ಗುವಿನ ಹಿಂದೆ ನಿಂತು ಬಾಲ ಅಳೆದಳು. ನನ್ನ ಕಣ್ಣಿಗೆ ಅದು ಎಲ್ಲ ದಿಕ್ಕಿಗೂ ಆಡುತ್ತಿತ್ತು.

ಇನ್ನು ಪದ. ಕುಳಿತುಕೊಳ್ಳಲು ಏನು ಹೇಳುವುದು? ಕಟ್ಟಡದ ಇತರ ನಾಯಿಗಳೆಲ್ಲ ಇಂಗ್ಲಿಷಿನಲ್ಲಿ ಕೂರುತ್ತವೆ. ಮಗಳ ಲೆಕ್ಕ ಬೇರೆಯಿತ್ತು. ಯಾರೇ ಬಂದರೂ ನಮ್ಮ ಬಾಯಲ್ಲಿ ತಾನಾಗಿ ಬರುವ ಮಾತೊಂದಿದೆ, ಕುಂದಾಪುರದವರ ಮಾತು: "ಬನ್ನಿ, ಕೂಕಣಿ." ಬನ್ನಿ, ಕುಳಿತುಕೊಳ್ಳಿ. ಅದನ್ನೇ ನಾಯಿಯ ಮಾತನ್ನಾಗಿ ಮಾಡಿದರೆ ಪ್ರತ್ಯೇಕವಾಗಿ ಆಜ್ಞೆ ಕೊಡಬೇಕಾಗಿಲ್ಲ. ನೆಂಟರಿಗೆ ಹೇಳಿದ್ದನ್ನು ಅವನೂ ಕೇಳಿಸಿಕೊಂಡು ಕೂರುತ್ತಾನೆ. ನೆಂಟರಿಗೆ ಬೆಲ್ಲ-ನೀರು, ಅವನಿಗೆ ಕೋಳಿ. ನಾಲ್ಕನೇ ವಾರದ ಹೊತ್ತಿಗೆ ಅದು ಕೂಡಿಬಂತು. ಗಮ್ಮತ್ತೆಂದರೆ "ಕೂಕೋ" ಎಂದು ಏಕವಚನದಲ್ಲಿ ಹೇಳಿದರೆ ಬೊಗ್ಗು ಸುಮ್ಮನೆ ಮುಖ ನೋಡುತ್ತಾನೆ. ಬಹುವಚನವೇ ಬೇಕು. ಮುಂಗಾಲು ಜೋಡಿಸಿ ನಮಸ್ತೆ ಮಾಡುವುದನ್ನೂ ಕಲಿಸಿ ಎಂದು ಕೆಲವರು ಹೇಳಿದರು. ಅದು ಸರ್ಕಸ್ಸು. ಬಂದವರಿಗೆ ದಾರಿ ಬಿಟ್ಟು ಕೂತರೆ ಸಾಕು, ಅದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ನಾವು ಮನುಷ್ಯರಿಂದಲೂ ಕೇಳುವುದಿಲ್ಲ.

ಆಸ್ಪತ್ರೆಯಿಂದ ಅತ್ತೆ ಟ್ಯಾಕ್ಸಿಯಲ್ಲಿ ಬಂದರು, ಜೊತೆಗೆ ಭಾವ. ಗಾಯದಿಂದ ಒಸರುವ ನೀರು ತುಂಬುವ ಪುಟ್ಟ ಡಬ್ಬಿ, ಅದರ ನಳಿಗೆ ಸೀರೆಯೊಳಗೆ. ಡಬ್ಬಿಯನ್ನು ಯಾರೋ ಹೊಲಿದುಕೊಟ್ಟ ಬಟ್ಟೆಯ ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಂಡಿದ್ದರು. ಬಲಗೈಯನ್ನು ಮೈಗೆ ಒತ್ತಿ ಹಿಡಿದಿದ್ದರು, ಲಿಫ್ಟಿನ ಗೋಡೆಯೂ ತಾಗದಂತೆ. ಮಗಳು ಪಟ್ಟಿ ಹಿಡಿದು ಕಾಲಡಿಯಲ್ಲಿ ಒತ್ತಿಕೊಂಡು ನಿಂತಿದ್ದಳು. ಅವಳ ಕೈ ನಡುಗುತ್ತಿತ್ತು. ಬಾಗಿಲು ತೆರೆದ ನನ್ನ ಹೆಂಡತಿ ಹೇಳಿದಳು, "ಬನ್ನಿ ಅತ್ತೆ, ಕೂಕಣಿ."

ಅತ್ತೆಗಿಂತ ಮೊದಲು ಬೊಗ್ಗು ಕೂತ. ಹಿಂಭಾಗವೆಲ್ಲ ನಡುಗುತ್ತಿದೆ, ಬಾಲ ನೆಲ ಗುಡಿಸುತ್ತಿದೆ, ಬಾಯಿಂದ ಸಣ್ಣ ಕುಂಯ್ ಬರುತ್ತಿದೆ, ಆದರೆ ಕೂತೇ ಇದ್ದಾನೆ. ಅತ್ತೆ ಹೊಸ್ತಿಲಲ್ಲಿ ನಿಂತು ಅವನನ್ನು ನೋಡಿದರು. "ನಾಯಿಗೂ ಬಹುವಚನವಾ ಮಾರಾಯಾ?" ಎಂದು ನನ್ನನ್ನು ಕೇಳಿ ನಗಲು ಹೋಗಿ, ಹೊಲಿಗೆ ಎಳೆದು, ಎಡಗೈಯಿಂದ ಎದೆ ಹಿಡಿದುಕೊಂಡರು. ಮತ್ತೂ ನಕ್ಕರು.

ಮುಂದಿನ ತಿಂಗಳುಗಳಲ್ಲಿ ಮನೆಗೆ ಬಂದವರಿಗೆ ಲೆಕ್ಕವಿಲ್ಲ. ಮುಂಬಯಿಯ ನಮ್ಮ ಜನ ರೋಗಿಯನ್ನು ನೋಡದೆ ಬಿಡುವವರಲ್ಲ. ಬೊರಿವಿಲಿಯಿಂದ, ಡೊಂಬಿವಿಲಿಯಿಂದ ಎರಡು ಟ್ರೇನು ಬದಲಿಸಿ, ಬೊಂಡ, ಮೋಸಂಬಿ ಹೊತ್ತು ಬರುತ್ತಿದ್ದರು. ಅವರ ಪ್ರೀತಿ ದೊಡ್ಡದು, ಸಂಶಯವಿಲ್ಲ. ಚೀಟಿ ಓದಿ ನಾಯಿಯಿಂದ ಶಿಸ್ತಾಗಿ ದೂರ ಸರಿದು ಕೂರುತ್ತಿದ್ದರು. ಕೂತವರೇ ಅತ್ತೆಯ ಕಡೆ ಬಗ್ಗಿ: ಯಾವ ಸ್ಟೇಜು? ಪೂರ್ತಿ ತೆಗೆದರಾ? ಮನೆತನದಲ್ಲಿ ಯಾರಿಗಾದರೂ ಇತ್ತಾ? ನಮ್ಮ ಭಾವನ ತಂಗಿಗೂ ಹೀಗೇ ಆಗಿ, ಎರಡು ವರ್ಷ ಚೆನ್ನಾಗಿದ್ದು, ಆಮೇಲೆ... ಒಬ್ಬರು ಅತ್ತೆಯ ಬಲಗೈಯನ್ನೇ ಹಿಡಿದು ಜಗ್ಗಿ ಸಮಾಧಾನ ಹೇಳಿದರು. ಅವರು ಹೋದ ಮೇಲೆ ಅತ್ತೆ ಮಗಳನ್ನು ಕರೆದರು. "ಆ ಚೀಟಿಯಲ್ಲಿ ನಾಯಿ ಅಂದೇಳಿ ಬರ್ದದ್ದನ್ನ ಒರ್ಸಿ ಅತ್ತೆ ಅಂದೇಳಿ ಬರಿ ಮಗಾ. ಬಾಕಿ ಎಲ್ಲ ಸರಿ ಇತ್ತ್."

ಮಗಳು ನಿಜಕ್ಕೂ ಬರೆದಳು. ನಾಯಿಯ ಚೀಟಿಯ ಕೆಳಗೆ ಇನ್ನೊಂದು ಸಾಲು: "ಅತ್ತೆಗೂ ಇದೇ ನಿಯಮ." ಕೆಲವರಿಗೆ ಬೇಸರವಾಯಿತು, ಒಬ್ಬರು ಮತ್ತೆ ಬರಲಿಲ್ಲ. ಹೆಚ್ಚಿನವರು ನಕ್ಕು ಒಳಗೆ ಬಂದು, ಕೂತು, ಊರಿನ ಮಳೆಯ ಸುದ್ದಿ ಹೇಳಿ, ಅತ್ತೆಯೇ ಮಾತು ತೆಗೆಯುವವರೆಗೆ ಕಾದರು. ಕಾಕಾ ಮೊದಲಿನಿಂದಲೂ ಹಾಗೇ ಇದ್ದರು. ದಿನಾ ಸಂಜೆ ಬಂದು ಅರ್ಧ ಗಂಟೆ ಪೇಪರ್ ಓದಿ ಹೋಗುವುದು. ಅತ್ತೆಗೆ ಮರಾಠಿ ಬಾರದು, ಅವರಿಗೆ ಕನ್ನಡ ಬಾರದು.

ಬಿಳಿ ಕಣ ಇಳಿದ ದಿನಗಳಲ್ಲಿ ಹಾಲ್ ಮತ್ತು ಅಡುಗೆಮನೆಯ ನಡುವೆ ಹಲಗೆ ಅಡ್ಡ ಇಡುತ್ತಿದ್ದೆವು. ಬೊಗ್ಗು ಹಲಗೆಯ ಮೇಲೆ ಗದ್ದ ಇಟ್ಟು ನೋಡುತ್ತಿದ್ದ. ಉಳಿದ ದಿನ ಅತ್ತೆ ಎಡಗೈ ಇಳಿಬಿಟ್ಟರೆ ಬಂದು ಅಂಗೈಗೆ ಮೂಗು ತಾಗಿಸಿ ಕೂರಬೇಕು, ಎಡಬದಿಯಿಂದಲೇ. ಇದನ್ನೂ ಮಗಳೇ ಕಲಿಸಿದ್ದು. ಮುಟ್ಟಿದ ಮೇಲೆ ಅತ್ತೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಎರಡನೇ ಕೀಮೋ ಆಗುವಷ್ಟರಲ್ಲಿ ಕೂದಲು ಪೂರ್ತಿ ಹೋಯಿತು. ಬಂದವರ ಕಣ್ಣು ಮೊದಲು ತಲೆಗೆ ಹೋಗಿ, ಗಡಿಬಿಡಿಯಿಂದ ಇಳಿಯುತ್ತಿತ್ತು. ಬೊಗ್ಗುವಿನ ಕಣ್ಣು ಯಾವಾಗಲೂ ಅಂಗೈ ಮೇಲೆ. ಅಲ್ಲಿ ಕೋಳಿ ಇರಬಹುದಲ್ಲ.

ಎಲ್ಲ ದಿನವೂ ಸುಸೂತ್ರವಾಗಿರಲಿಲ್ಲ. ಚೌತಿಯಲ್ಲಿ ಢೋಲು-ತಾಶಾ ಶುರುವಾದರೆ ಅವನಿಗೆ ಕಲಿತದ್ದೆಲ್ಲ ಮರೆತುಹೋಗುತ್ತದೆ. ಆ ಹತ್ತು ದಿನ ಮಂಚದ ಕೆಳಗೇ ಇರಲು ಬಿಟ್ಟೆವು. ಹೆದರಿದ ನಾಯಿಗೆ ಪಾಠ ಹತ್ತುವುದಿಲ್ಲ. ಅತ್ತೆ ರಾತ್ರಿ ನಿದ್ದೆ ಬಾರದೆ ಕೂತಾಗ, ಮಂಚದ ಕೆಳಗೆ ಅವನೂ ಎಚ್ಚರ. "ಇದ್ಕೂ ನಂಗೂ ಒಂದೇ ಗತಿ" ಅನ್ನುತ್ತಿದ್ದರು.

ಚಿಕಿತ್ಸೆ ಮುಗಿದು ಅತ್ತೆ ಊರಿಗೆ ಹೋಗಿ ಈಗ ಮೂರು ವರ್ಷ. ಆರು ತಿಂಗಳಿಗೊಮ್ಮೆ ಮತ್ಸ್ಯಗಂಧದಲ್ಲಿ ಬಂದು ಕುರ್ಲಾದಲ್ಲಿ ಇಳಿಯುತ್ತಾರೆ, ತೋರಿಸಿಕೊಂಡು ಎರಡು ದಿನವಿದ್ದು ಹೋಗುತ್ತಾರೆ. ಅವರ ಊರಿನ ನಾಯಿ ಈಗಲೂ ಅಂಗಳದಲ್ಲೇ ಇದೆ, ಆದರೆ ಮೆಟ್ಟಿಲ ಕೆಳಗೆ "ಕೂಕಣಿ" ಅಂದರೆ ಕೂರುತ್ತದಂತೆ. ಜನ ನಗುತ್ತಾರಂತೆ. ಇಲ್ಲಿ ಚೀಟಿ ಮಾಸಿದೆ, ತೆಗೆದಿಲ್ಲ. ಬೊಗ್ಗು ಎಲ್ಲರಿಗೂ ಕೂರುತ್ತಾನೆ, ಇಸ್ತ್ರಿಯವನೊಬ್ಬನನ್ನು ಬಿಟ್ಟು. ಅವನ ಮೇಲೆ ಮಾತ್ರ ಈಗಲೂ ಹಾರುತ್ತಾನೆ. ಕಾಕಾ ಈ ವಿಷಯದಲ್ಲಿ ವಿಚಾರಣೆ ನಡೆಸುತ್ತಿದ್ದಾರೆ. ಇಸ್ತ್ರಿಯವನ ಜೇಬಿನಲ್ಲಿ ಬಿಸ್ಕೆಟ್ ಇರುತ್ತದೆಂದು ಅವರಿಗೆ ಗುಮಾನಿ.